ಸಿಯಾಟಲ್‌ನಲ್ಲಿ ಕೌನ್ಸಿಲ್ ಸದಸ್ಯರನ್ನು ಅವಧಿಗೆ ಮೊದಲೇ ಇಳಿಸುವುದು ಹೇಗೆ?

ಗೆಲ್ಲಿಸಿ ಕಳಿಸಿದವರನ್ನು ಕೆಳಗಿಳಿಸಬೇಕು ಅಂತ ಒಮ್ಮೆಯಾದರೂ ಅನಿಸಿರುತ್ತದೆ, ಅಲ್ವಾ? ನಮ್ಮ ಕಾರ್ಪೊರೇಟರ್‌ಗಳನ್ನು ಮತದಾರರೇ ನಡುವೆ ಇಳಿಸಲು ಕರ್ನಾಟಕದಲ್ಲಿ ದಾರಿಯಿಲ್ಲ. ಸಿಯಾಟಲ್ ನಗರವಿರುವ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿದೆ. ಅಲ್ಲಿನ ಪೌರತ್ವ ಪಡೆದು ಓಟು ಹಾಕುವ ಕನ್ನಡಿಗರು ಇದನ್ನು ತಿಳಿದಿರಲೇಬೇಕು.

ಮೊದಲು ದೂರು ಬರೆಯಿರಿ. ಒಬ್ಬ ಮತದಾರ ಬರೆದರೂ ಸಾಕು. ಆದರೆ 'ಇವರ ಕೆಲಸ ಸರಿಯಿಲ್ಲ' ಅಂದರೆ ನಡೆಯುವುದಿಲ್ಲ. ಅಧಿಕಾರ ದುರ್ಬಳಕೆ, ಕರ್ತವ್ಯದಲ್ಲಿ ತಪ್ಪು, ಪ್ರಮಾಣವಚನದ ಉಲ್ಲಂಘನೆ ಇವುಗಳಲ್ಲಿ ಒಂದಾದರೂ ಇರಬೇಕು. ಯಾವತ್ತು, ಎಲ್ಲಿ, ಏನು ಮಾಡಿದರು ಅಂತ ಬಿಡಿಸಿ ಬರೆದು, ಪ್ರಮಾಣ ಮಾಡಿ ಸಹಿ ಹಾಕಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಚುನಾವಣಾ ಕಚೇರಿಗೆ ಕೊಡಬೇಕು. ಕೌಂಟಿಯ ಸರ್ಕಾರಿ ವಕೀಲರು ಅದನ್ನು 200 ಪದಗಳೊಳಗೆ ಇಳಿಸುತ್ತಾರೆ.

ಮುಂದಿನದು ಕೋರ್ಟು. ಇಲ್ಲೇ ಜಾಸ್ತಿ ಜನ ಎಡವುವುದು. ಆರೋಪ ನಿಜವೋ ಸುಳ್ಳೋ ಅಂತ ನ್ಯಾಯಾಧೀಶರು ತೀರ್ಮಾನಿಸುವುದಿಲ್ಲ, ನಿಜವೇ ಆಗಿದ್ದರೆ ಇಳಿಸುವಷ್ಟು ದೊಡ್ಡ ತಪ್ಪೇ ಅನ್ನುವುದನ್ನಷ್ಟೇ ನೋಡುತ್ತಾರೆ, ನಿಜ ಯಾವುದೆಂದು ಹೇಳುವ ಕೆಲಸ ಮತದಾರರದ್ದು. ನನಗಂತೂ ಈ ಜರಡಿ ಬೇಕೇ ಬೇಕು ಅನಿಸುತ್ತದೆ. ಇಲ್ಲದಿದ್ದರೆ ಸೋತವರೆಲ್ಲ ಮರುದಿನವೇ ದೂರು ಹಿಡಿದು ಬರುತ್ತಾರೆ. ಪುಣೆಯಲ್ಲಿ ಹುಟ್ಟಿದ ಕ್ಷಮಾ ಸಾವಂತ್ ಸಿಯಾಟಲ್‌ನ ಕೌನ್ಸಿಲ್ ಸದಸ್ಯೆಯಾಗಿದ್ದಾಗ ಅವರ ವಿರುದ್ಧದ ದೂರೂ ಈ ಜರಡಿಗೆ ಬಿತ್ತು. 2020ರ ಪೊಲೀಸ್ ದೌರ್ಜನ್ಯ ವಿರೋಧಿ ಪ್ರತಿಭಟನೆಯ ವೇಳೆ ರಾತ್ರಿ ಸಿಟಿ ಹಾಲ್‌ನ ಬಾಗಿಲು ತೆರೆದು ಜನರನ್ನು ಒಳಗೆ ಬಿಟ್ಟರು, ಮೇಯರ್ ಮನೆಗೆ ಮೆರವಣಿಗೆ ಒಯ್ದರು, ನಗರದ ಹಣವನ್ನು ಒಂದು ತೆರಿಗೆ ಅಭಿಯಾನಕ್ಕೆ ಬಳಸಿದರು ಎಂಬ ಮೂರು ಆರೋಪಗಳನ್ನು ರಾಜ್ಯದ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಉಳಿಸಿತು. ನೇಮಕಾತಿಯ ನಿರ್ಧಾರವನ್ನು ತಮ್ಮ ಪಕ್ಷಕ್ಕೆ ಬಿಟ್ಟುಕೊಟ್ಟರು ಅನ್ನುವ ನಾಲ್ಕನೆಯದು ಬಿದ್ದುಹೋಯಿತು.

ಆಮೇಲೆ ಸಹಿ ಸಂಗ್ರಹ. ಹಿಂದಿನ ಚುನಾವಣೆಯಲ್ಲಿ ಆ ಸ್ಥಾನಕ್ಕೆ ಬಿದ್ದ ಒಟ್ಟು ಮತಗಳ ಶೇ 25ರಷ್ಟು ಸಹಿ, 180 ದಿನಗಳಲ್ಲಿ. ಸಾವಂತ್ ವಿಷಯದಲ್ಲಿ 10,000ಕ್ಕಿಂತ ಹೆಚ್ಚು ಬೇಕಾಯಿತು. ಆ ಕ್ಷೇತ್ರದ ಮತದಾರರದ್ದೇ ಆಗಿರಬೇಕು, ಪಕ್ಕದ ವಾರ್ಡಿನ ಗೆಳೆಯರದ್ದು ಲೆಕ್ಕಕ್ಕಿಲ್ಲ. ಒಂದೊಂದನ್ನೂ ಕಚೇರಿಯವರು ತಾಳೆ ನೋಡುತ್ತಾರೆ. ಬೇಕಾದ್ದಕ್ಕಿಂತ ಜಾಸ್ತಿಯೇ ಸೇರಿಸಿಟ್ಟುಕೊಳ್ಳಿ.

ಸಹಿ ಸರಿಯಿದ್ದರೆ 45ರಿಂದ 90 ದಿನಗಳೊಳಗೆ ಚುನಾವಣೆ. ಮತಪತ್ರ ಮನೆಗೇ ಅಂಚೆಯಲ್ಲಿ ಬರುತ್ತದೆ, ಇಳಿಸಬೇಕೋ ಬೇಡವೋ ಅಷ್ಟೇ ಪ್ರಶ್ನೆ. ಯಾವ ತಿಂಗಳು ನಡೆಯುತ್ತದೆ ಅನ್ನುವುದೂ ಮುಖ್ಯ. ನವೆಂಬರ್‌ನಲ್ಲಾದರೆ ಹೆಚ್ಚು ಜನ ಓಟು ಹಾಕುತ್ತಾರೆ ಅಂತ ಸಾವಂತ್ ಬೆಂಬಲಿಗರೇ ಸಹಿ ಸಂಗ್ರಹಕ್ಕೆ ಇಳಿದರು, ಖುದ್ದು ಸಾವಂತ್ ಕೂಡ ಸಹಿ ಹಾಕಿದರು! ಆದರೂ ಮತದಾನ ಡಿಸೆಂಬರ್ 7ಕ್ಕೆ ಹೋಯಿತು. ಕೊನೆಗೆ ಬರೀ 310 ಮತಗಳಿಂದ ಅವರು ಉಳಿದುಕೊಂಡರು. ಕೆಲವು ಬೀದಿಗಳ ಜನ ಸುಮ್ನೆ ಕೂತರೂ ಫಲಿತಾಂಶ ಬದಲಾಗಬಹುದು ಅನ್ನುವಷ್ಟು ಹತ್ತಿರದ ಲೆಕ್ಕ ಅದು.

ಸಹಿ ಹಾಕುವ ಮುಂಚೆ ಇನ್ನೊಂದು ವಿಷಯ ಕೇಳಿಕೊಳ್ಳಿ. ಸದಸ್ಯರು ಇಳಿದರೆ ಆ ಜಾಗಕ್ಕೆ ಯಾರು ಬರಬೇಕು ಅಂತ ಅದೇ ಮತಪತ್ರದಲ್ಲಿ ನೀವು ಆರಿಸುವುದಿಲ್ಲ. ತಾತ್ಕಾಲಿಕವಾಗಿ ಒಬ್ಬರನ್ನು ಆರಿಸುವವರು ಉಳಿದ ಕೌನ್ಸಿಲ್ ಸದಸ್ಯರು.