ಬ್ರೌಸರ್ ಓಡುತ್ತದೆ, ಟರ್ಮಿನಲ್ ಮುಷ್ಕರ ಹೂಡಿದೆ!

ಕಾಲೇಜು ಅಥವಾ ಕಚೇರಿಯ ನೆಟ್‌ವರ್ಕ್‌ನಲ್ಲಿ ಉಬುಂಟು ಲಿನಕ್ಸ್ ಬಳಸುವವರಿಗೆ ಈ ಪೇಚು ಹೊಸದಲ್ಲ. ಫೈರ್‌ಫಾಕ್ಸ್‌ನಲ್ಲಿ ಪುಟಗಳು ಸರಾಗವಾಗಿ ತೆರೆಯುತ್ತವೆ. ಆಜ್ಞೆಗಳನ್ನು ಟೈಪಿಸುವ ಟರ್ಮಿನಲ್‌ನಲ್ಲಿ, ತಂತ್ರಾಂಶ ತರಿಸುವ ಆಪ್ಟ್‌ಗೆ ಅಪ್‌ಡೇಟ್ (apt update) ಕೊಟ್ಟರೆ ಮಾತ್ರ ಅದು ಸೊನ್ನೆ ಬಿಟ್ಟು ಕದಲುವುದಿಲ್ಲ. ಲಿನಕ್ಸ್‌ನಲ್ಲಿ ಪ್ರಾಕ್ಸಿಯ, ಅಂದರೆ ನಮಗೂ ಇಂಟರ್ನೆಟ್‌ಗೂ ನಡುವೆ ನಿಲ್ಲುವ ಸರ್ವರಿನ, ವಿವರ ಒಂದೇ ಕಡೆ ಇರುವುದಿಲ್ಲ ಎಂಬುದೇ ಈ ತಕರಾರಿನ ಮೂಲ.

ಮೊದಲು ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಪ್ರಾಕ್ಸಿಯ ವಿಳಾಸ ಮತ್ತು ಪೋರ್ಟ್ (ಸರ್ವರಿನ ಬಾಗಿಲ ಸಂಖ್ಯೆ) ನೋಡಿ. ಪೋರ್ಟ್ ಹೆಚ್ಚಾಗಿ 3128 ಅಥವಾ 8080 ಇರುತ್ತದೆ. ಹಾಗೆಂದು ಊಹಿಸಿ ತುಂಬಬೇಡಿ, ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ. ಫೈರ್‌ಫಾಕ್ಸ್‌ಗೆ ತನ್ನದೇ ಪ್ರಾಕ್ಸಿ ಸೆಟ್ಟಿಂಗ್ ಇರುವುದರಿಂದ, ಅದು ಓಡಿದ ಮಾತ್ರಕ್ಕೆ ಉಳಿದದ್ದೂ ಸರಿಯಿದೆ ಎನ್ನುವಂತಿಲ್ಲ.

ಈಗ ಟರ್ಮಿನಲ್‌ನಲ್ಲಿ 'ಎನ್ವ್' (env) ಆಜ್ಞೆ ಕೊಡಿ. ಬರುವ ಉದ್ದನೆಯ ಪಟ್ಟಿಯಲ್ಲಿ ಪ್ರಾಕ್ಸಿ ಹೆಸರಿರುವ ಸಾಲುಗಳು ಸಾಕು. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎರಡಕ್ಕೂ ಒಂದೊಂದು ಸಾಲಿರಬೇಕು. ಹೆಸರು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ (http_proxy, https_proxy) ಇರಲಿ. ದೊಡ್ಡಕ್ಷರದ ಎಚ್‌ಟಿಟಿಪಿ ಪ್ರಾಕ್ಸಿಯನ್ನು, ಟರ್ಮಿನಲ್‌ನಿಂದ ಜಾಲಪುಟ ತರಿಸುವ ಕರ್ಲ್ (curl) ಭದ್ರತೆಯ ಕಾರಣಕ್ಕೆ ಬೇಕೆಂದೇ ಕಡೆಗಣಿಸುತ್ತದೆ.

ಸಾಲುಗಳು ಸರಿಯಿದ್ದೂ ಕೆಲಸವಾಗದಿದ್ದರೆ, ದೋಷದ ಸಂದೇಶವನ್ನು ಓದಿ. ಬಹಳಷ್ಟು ಮಂದಿ ಓದುವುದೇ ಇಲ್ಲ! 'ಕನೆಕ್ಷನ್ ರೆಫ್ಯೂಸ್ಡ್' ಎಂದರೆ ಪೋರ್ಟ್ ತಪ್ಪಿರಬಹುದು, ಇಲ್ಲವೇ ಪ್ರಾಕ್ಸಿ ಸರ್ವರ್ ನಿಂತಿರಬಹುದು. 'ಕುಡ್ ನಾಟ್ ರಿಸಾಲ್ವ್ ಪ್ರಾಕ್ಸಿ' ಎಂದರೆ ಸರ್ವರಿನ ಹೆಸರೇ ಪತ್ತೆಯಾಗಿಲ್ಲ. 407 ಕಂಡರೆ ಪ್ರಾಕ್ಸಿ ಸಿಕ್ಕಿದೆ, ಆದರೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುತ್ತಿದೆ. ಪಾಸ್‌ವರ್ಡ್‌ನಲ್ಲಿ @ ಇದ್ದರೆ, ಪಾಸ್‌ವರ್ಡ್ ಸೇರಿಸಿ ಬರೆಯುವ ಪ್ರಾಕ್ಸಿ ವಿಳಾಸದೊಳಗೆ ಅದರ ಬದಲು %40 ಬರೆಯಬೇಕು. ಪಾಸ್‌ವರ್ಡ್ ಎಲ್ಲಿ ಮುಗಿಯಿತು, ಸರ್ವರ್ ಹೆಸರು ಎಲ್ಲಿ ಶುರುವಾಯಿತು ಎಂದು ತಿಳಿಸುವುದೂ ಅದೇ @ ಚಿಹ್ನೆ, ಗೊಂದಲ ಅಲ್ಲೇ.

ಕರ್ಲ್ ಓಡಿಯೂ ಆಪ್ಟ್ ಹಟ ಮಾಡುತ್ತಿದೆಯೇ? ನಿರ್ವಾಹಕರ ಅಧಿಕಾರ ಕೊಡುವ ಸುಡೊ (sudo) ಹಾಕಿದೊಡನೆ ನೀವು ಕೊಟ್ಟ ಪ್ರಾಕ್ಸಿ ಸಾಲುಗಳು ಸಾಮಾನ್ಯವಾಗಿ ಕಳಚಿಹೋಗುತ್ತವೆ. ಇಟಿಸಿ (/etc) ಫೋಲ್ಡರ್‌ನಲ್ಲಿರುವ ಆಪ್ಟ್‌ನ ಸಂರಚನಾ ಕಡತದಲ್ಲಿ ಪ್ರಾಕ್ಸಿಯನ್ನು ಬೇರೆಯಾಗಿಯೇ ಬರೆದಿಡುವುದು ಒಳ್ಳೆಯದು. ಕೋಡ್‌ನ ಆವೃತ್ತಿಗಳನ್ನು ಕಾಯುವ ಗಿಟ್‌ಗೂ ಇಂಥದೇ ಪ್ರತ್ಯೇಕ ಸೆಟ್ಟಿಂಗ್ ಉಂಟು.

ರಜೆಗೆ ಊರಿಗೆ ಹೋದಾಗ ಇದೇ ತೊಂದರೆ ತಿರುಗುಮುರುಗಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿಯನ್ನು ಆಫ್ ಮಾಡಿದರೂ ಆಪ್ಟ್ ಕಡತದಲ್ಲಿ, ಟರ್ಮಿನಲ್ ತೆರೆದಾಗ ಓದುವ ಬ್ಯಾಶ್‌ಆರ್‌ಸಿ (.bashrc) ಕಡತದಲ್ಲಿ ಹಳೆಯ ಸಾಲು ಉಳಿದಿರುತ್ತದೆ. ಮನೆಯ ವೈಫೈಯಲ್ಲಿ ಕುಳಿತು ಯಂತ್ರ ಕಾಲೇಜಿನ ಸರ್ವರನ್ನು ಹುಡುಕುತ್ತಿರುತ್ತದೆ. ಆ ಸಾಲುಗಳ ಮುಂದೆ ಒಂದು # ಹಾಕಿ, ಹೊಸ ಟರ್ಮಿನಲ್ ತೆರೆದು ಮತ್ತೆ ಪರೀಕ್ಷಿಸಿ. ಹಳೆಯ ಕಿಟಕಿ ಹಳೆಯ ಪ್ರಾಕ್ಸಿಯನ್ನೇ ನೆನಪಿಟ್ಟುಕೊಂಡಿರುತ್ತದೆ.