ಗೆಟ್ ಪದವನ್ನು ಬಾಯಿಪಾಠ ಮಾಡದೆ ಕಲಿಯುವುದು ಹೇಗೆ?

ಇಂಗ್ಲಿಷ್ ಮಾತಾಡುವವರ ಬಾಯಲ್ಲಿ ಗೆಟ್ ಬರದ ದಿನವೇ ಇಲ್ಲ. ನಿಘಂಟು ತೆರೆದರೆ ಅದರ ಅರ್ಥಗಳೇ ಪುಟಗಟ್ಟಲೆ ಇರುತ್ತವೆ, ಒಂದೊಂದಾಗಿ ಬಾಯಿಪಾಠ ಮಾಡಲು ಹೊರಟರೆ ಮೂರನೇ ದಿನಕ್ಕೆ ಬೇಜಾರು ಬಂದುಬಿಡುತ್ತದೆ. ಅದು ಬೇಡ. ಗೆಟ್ ಮಾಡುವ ಕೆಲಸವನ್ನು ಕನ್ನಡದಲ್ಲಿ ನಾವು ಆಗಲೇ ಮಾಡ್ತಾ ಇದ್ದೇವೆ, ಎಲ್ಲಿ ಅಂತ ಗುರುತು ಹಿಡಿದರೆ ಮುಕ್ಕಾಲು ಪಾಲು ಮುಗೀತು.

ಮೊದಲು ‘ನನಗೆ’ ಹುಡುಕಿ. ನನಗೆ ಕಾಗದ ಬಂತು, ನನಗೆ ಕೆಲಸ ಸಿಕ್ತು, ನನಗೆ ಸುಸ್ತಾಯ್ತು, ನನಗೆ ಅರ್ಥ ಆಯ್ತು. ಇಂಗ್ಲಿಷ್‌ನಲ್ಲಿ ನಾಲ್ಕಕ್ಕೂ ಐ ಗಾಟ್ ಸಾಕು (ಗಾಟ್ ಅಂದರೆ ಗೆಟ್‌ನ ಭೂತಕಾಲ): ಐ ಗಾಟ್ ಎ ಲೆಟರ್, ಐ ಗಾಟ್ ಎ ಜಾಬ್, ಐ ಗಾಟ್ ಟೈರ್ಡ್, ಐ ಗಾಟ್ ಇಟ್. ನಮ್ಮಲ್ಲಿ ಕಾಗದವೋ ಸಿಟ್ಟೋ ಜ್ವರವೋ ತಾನಾಗಿ ನಮ್ಮ ಹತ್ತಿರ ಬರುತ್ತದೆ, ಅವರಲ್ಲಿ ಮನುಷ್ಯನೇ ಅದನ್ನು ಹಿಡಿದುಕೊಂಡ ಹಾಗೆ ವಾಕ್ಯ ಕಟ್ಟುತ್ತಾರೆ. ಗೆಟ್ ಪದ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯಾದವರು ಹಿಂದೆ ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯಿಂದ, ಅದರ ಮೂಲ ಬೇರಿನಲ್ಲೇ ಹಿಡಿಯುವುದು ಅನ್ನುವ ಅರ್ಥ ಇತ್ತು. ಫಾರ್ಗೆಟ್ ಕೂಡ ಅದೇ ಬೇರಿನದು, ಅಂದರೆ ಹಿಡಿದದ್ದು ಕೈಜಾರಿತು ಅಂತ. ನನಗಂತೂ ಇದು ಗೊತ್ತಾದ ಮೇಲೆ ಎರಡೂ ಪದ ಹತ್ತಿರದವು ಅನ್ನಿಸಿತು.

ಒಂದು ಎಚ್ಚರ. ‘ನನಗೆ ಖುಷಿಯಾಯ್ತು’ ಅನ್ನೋದಕ್ಕೆ ಐ ಗಾಟ್ ಹ್ಯಾಪಿ ಅಂದರೆ ಅಷ್ಟು ಸರಿಹೋಗಲ್ಲ, ಐ ವಾಸ್ ಹ್ಯಾಪಿ ಅನ್ನಿ.

ಎರಡನೆಯದು ‘ಆಗು’. ಐ ವಾಸ್ ಟೈರ್ಡ್ ಅಂದರೆ ಸುಸ್ತಾಗಿತ್ತು, ಐ ಗಾಟ್ ಟೈರ್ಡ್ ಅಂದರೆ ಸುಸ್ತಾಯ್ತು. ದೆ ಆರ್ ಮ್ಯಾರೀಡ್ ಅಂದರೆ ಮದುವೆಯಾಗಿದೆ. ದೆ ಗಾಟ್ ಮ್ಯಾರೀಡ್ ಇನ್ ಜೂನ್ ಅಂದರೆ ಜೂನ್‌ನಲ್ಲಿ ಮದುವೆಯಾಯ್ತು. ಇರುವುದಕ್ಕೂ ಆಗುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಅದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಮೂರನೆಯದು. ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದ ಹುಡುಗನೊಬ್ಬ ಒಂದು ದಿನ ‘ಐ ಕಟ್ ಮೈ ಹೇರ್’ ಅಂತ ಬರೆದ. ನಾನು ತಿದ್ದಲಿಲ್ಲ. ಕತ್ತರಿ ಯಾರ ಕೈಯಲ್ಲಿತ್ತು ಅಂತ ಕೇಳಿದೆ. ಅಂಗಡಿಯವರ ಕೈಯಲ್ಲಿ ಅಂದ. ಹಾಗಾದರೆ ಕನ್ನಡದಲ್ಲಿ ಹೇಳು ಅಂದೆ. ‘ಕೂದಲು ಕತ್ತರಿಸಿಕೊಂಡೆ’ ಅಂತ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ‘ಇಲ್ಲ, ಕಟ್ ಮಾಡಿಸಿಕೊಂಡೆ’ ಅಂದ. ಆ ‘ಮಾಡಿಸಿಕೊಂಡೆ’ಯೇ ಗಾಟ್: ಐ ಗಾಟ್ ಮೈ ಹೇರ್ ಕಟ್. ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಮಾಡಿಸು, ಹೊಲಿಸು, ರಿಪೇರಿ ಮಾಡಿಸು, ಇವೆಲ್ಲ ಹೀಗೇ. ಕ್ರಮ ಮಾತ್ರ ನೆನಪಿಡಿ: ಗೆಟ್, ಆಮೇಲೆ ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ (ಡು, ಡಿಡ್, ಡನ್ ಅನ್ನುವಾಗ ಬರುವ ಡನ್ ಥರದ್ದು). ಐ ಗಾಟ್ ದ ಫೋನ್ ರಿಪೇರ್ಡ್. ಮಾಡಿದ ಮನುಷ್ಯನನ್ನೂ ಹೇಳಬೇಕಾದರೆ ನಡುವೆ ಟು ಬರುತ್ತದೆ: ಐ ಗಾಟ್ ಹಿಮ್ ಟು ಸೈನ್, ಅಂದರೆ ಒಪ್ಪಿಸಿ ಸಹಿ ಹಾಕಿಸಿದೆ. ಐ ಮೇಡ್ ಹಿಮ್ ಸೈನ್ ಅಂದರೆ ಬಲವಂತದ ವಾಸನೆ ಬರುತ್ತದೆ, ಅಲ್ಲಿ ಟು ಕೂಡ ಇಲ್ಲ.

ಗೆಟ್ ಹಿಂದೆ ಬರುವ ಪುಟ್ಟ ಪದಗಳಿಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ವೇಕ್ ಅಪ್ ಅಂದರೆ ಎಚ್ಚರ ಆಗುವುದು, ಗೆಟ್ ಅಪ್ ಅಂದರೆ ಹಾಸಿಗೆ ಬಿಟ್ಟು ಏಳುವುದು. ಬಸ್ಸು, ರೈಲು, ವಿಮಾನಕ್ಕೆ ಗೆಟ್ ಆನ್, ಗೆಟ್ ಆಫ್. ಕಾರಿಗೆ ಗೆಟ್ ಇನ್, ಗೆಟ್ ಔಟ್. ಒಳಗೆ ಎದ್ದು ಓಡಾಡುವಷ್ಟು ಜಾಗ ಇದ್ದರೆ ಆನ್ ಅಂತ ಲೆಕ್ಕ ಇಟ್ಟುಕೊಳ್ಳಿ, ಜಾಸ್ತಿ ತಪ್ಪಾಗಲ್ಲ. ಗೆಟ್ ಬೈ ಅಂದರೆ ಇರುವುದರಲ್ಲಿ ಹೇಗೋ ಸಂಭಾಳಿಸುವುದು, ಗೆಟ್ ಅಲಾಂಗ್ ಅಂದರೆ ಹೊಂದಿಕೊಂಡು ಹೋಗುವುದು. ಐ ವಿಲ್ ಗೆಟ್ ಬ್ಯಾಕ್ ಟು ಯು ಅಂದವರು ವಾಪಸ್ ಬರುತ್ತೇನೆ ಅಂತ ಹೇಳುತ್ತಿಲ್ಲ, ಆಮೇಲೆ ಉತ್ತರ ಕೊಡುತ್ತೇನೆ ಅನ್ನುತ್ತಿದ್ದಾರೆ. ಸುಮ್ನೆ ಕಾಯುತ್ತಾ ಕೂರಬೇಡಿ.

ಅರ್ಥವಾಗಲಿಲ್ಲ ಅನ್ನೋದಕ್ಕೆ ಐ ಆಮ್ ನಾಟ್ ಗೆಟಿಂಗ್ ಅಂತ ನಮ್ಮಲ್ಲಿ ತುಂಬಾ ಜನ ಹೇಳುತ್ತಾರೆ. ಐ ಡೋಂಟ್ ಗೆಟ್ ಇಟ್ ಅನ್ನಿ. ಕೊನೆಯ ಇಟ್ ಬಿಡಬೇಡಿ.

ಗೆಟ್‌ನ ಮೂರನೇ ರೂಪವಾಗಿ ಅಮೆರಿಕದವರು ಗಾಟನ್ ಅಂದರೆ ಅದು ತಪ್ಪಲ್ಲ. ಅಲ್ಲಿ ಐ ಹ್ಯಾವ್ ಗಾಟ್ ಎ ಕಾರ್ ಅಂದರೆ ಕಾರಿದೆ, ಐ ಹ್ಯಾವ್ ಗಾಟನ್ ಎ ಕಾರ್ ಅಂದರೆ ಕಾರು ತಗೊಂಡಿದ್ದೇನೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಎರಡಕ್ಕೂ ಗಾಟ್.

ಅರ್ಜಿ, ವರದಿ, ಕಚೇರಿ ಪತ್ರ ಬರೆಯುವಾಗ ಮಾತ್ರ ಗೆಟ್ ಕಡಿಮೆ ಮಾಡಿ. ಬಂತು ಅನ್ನೋ ಕಡೆ ರಿಸೀವ್ಡ್, ಆಯ್ತು ಅನ್ನೋ ಕಡೆ ಬಿಕೇಮ್ ಹಾಕಿ. ಮಾತಿನಲ್ಲಿ ಧಾರಾಳವಾಗಿ ಬಳಸಿ. ಇವತ್ತು ರಾತ್ರಿ ಮಲಗೋ ಮುಂಚೆ, ದಿನವಿಡೀ ನೀವು ಆಡಿದ ಮಾತಿನಲ್ಲಿ ‘ನನಗೆ’ ಇಂದ ಶುರುವಾದ ಐದು ವಾಕ್ಯ ನೆನಪು ಮಾಡಿಕೊಂಡು ಬರೆಯಿರಿ, ಪಕ್ಕದಲ್ಲಿ ಐ ಗಾಟ್ ಇಟ್ಟು ನೋಡಿ, ಎಷ್ಟು ಒಪ್ಪುತ್ತವೆ ಅಂತ ಎಣಿಸಿ.