ಟೀ ಪುಡಿ ಮಾರಿದ ಲೈನಿನಲ್ಲೇ ವೋಟು ಕೇಳಿದೆ

ಒಂಬತ್ತು ವರ್ಷ ನಾನು ಒಂದು ಟೀ ಪುಡಿ ಕಂಪನಿಯ ಸೇಲ್ಸ್‌ನಲ್ಲಿದ್ದೆ. ತುಮಕೂರು ಸುತ್ತಲಿನ ಹಳ್ಳಿ ಅಂಗಡಿಗಳೇ ನನ್ನ ಲೈನು. 2020ರ ಡಿಸೆಂಬರ್‌ನಲ್ಲಿ ಅತ್ತಿಗೆ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತರು. ಪ್ರಚಾರದ ಕೆಲಸ ನನ್ನ ಹೆಗಲಿಗೆ ಬಿತ್ತು.

ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ. ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ ಅಧಿಕಾರಿ ಕೊಡುವ ಚಿಹ್ನೆಯೇ ನಮ್ಮದು. ಹೊಲಿಗೆ ಯಂತ್ರ ಸಿಕ್ಕಿತು. ಉಳಿದಿದ್ದು ಒಂದು ವಾರ. ಯಾರೂ ಕೇಳದ ಬ್ರ್ಯಾಂಡನ್ನು ವಾರದಲ್ಲಿ ಮನೆಮನೆಗೆ ಮುಟ್ಟಿಸಬೇಕಿತ್ತು.

ಮೊದಲು ಎಡವಿದ್ದು ಕರಪತ್ರದಲ್ಲಿ. ಹನ್ನೊಂದು ಭರವಸೆ ಅಚ್ಚು ಹಾಕಿಸಿದ್ದೆ. ಯಾರೂ ಓದಲಿಲ್ಲ. ಟೀ ಪ್ಯಾಕೆಟ್ ಮೇಲೆ ಅಷ್ಟೆಲ್ಲ ಬರೆಯುತ್ತೀವಾ? ಆಮೇಲೆ ಅಂಗೈಯಗಲದ ಕಾರ್ಡು ಮಾಡಿಸಿದೆ: ಫೋಟೊ, ಹೊಲಿಗೆ ಯಂತ್ರ, 'ಮೇಲಿನ ಕೇರಿಗೆ ನಲ್ಲಿ ನೀರು'. ಮನೆಮನೆ ಸುತ್ತಿದಾಗ ಜಾಸ್ತಿ ಕೇಳಿಬಂದ ದೂರು ಅದೇ.

ನಮ್ಮ ವಾರ್ಡಿಗೆ ಮೂರು ಸ್ಥಾನ, ಹಾಗಾಗಿ ಒಬ್ಬೊಬ್ಬರಿಗೂ ಮೂರು ವೋಟು. ನನ್ನ ಹಳೇ ಅನುಭವ ಕೆಲಸಕ್ಕೆ ಬಂದಿದ್ದು ಇಲ್ಲೇ. 'ಬೇರೆ ಟೀ ಪುಡಿ ಇಡಬೇಡಿ' ಅಂತ ನಾನು ಯಾವ ಅಂಗಡಿಯವರಿಗೂ ಹೇಳಿದವನಲ್ಲ. 'ಅವುಗಳ ಪಕ್ಕ ನಮ್ಮದಕ್ಕೂ ಒಂದು ಜಾಗ ಕೊಡಿ' ಅನ್ನುತ್ತಿದ್ದೆ. ಎದುರಾಳಿಯ ನೆಂಟರ ಮನೆಗೂ ಹೋದೆವು. 'ಎರಡು ನಿಮ್ಮವರಿಗೆ ಹಾಕಿ, ಒಂದು ಅತ್ತಿಗೆಗೆ ಕೊಡಿ' ಅಂದೆವು. ಯಾರನ್ನೂ ಬೈಯಲಿಲ್ಲ. ಬಾಗಿಲು ಹಾಕಿಕೊಂಡವರು ತೀರಾ ಕಡಿಮೆ.

ಒಂದು ಕಡೆ ಮಾತ್ರ ಮಾರಾಟದ ದಾರಿ ಹಿಡಿಯಬಾರದು. ಟೀ ಪುಡಿ ಜೊತೆ ಚಮಚ ಕೊಟ್ಟರೆ ಅದು ಸ್ಕೀಮು. ವೋಟಿಗೆ ಸೀರೆ ಕೊಟ್ಟರೆ ಅದು ಲಂಚ. ಹಂಚಿ ಅಂತ ನಮಗೂ ಕೆಲವರು ಒತ್ತಾಯ ಮಾಡಿದರು. ಅತ್ತಿಗೆ ಖಡಾಖಂಡಿತವಾಗಿ ಬೇಡ ಅಂದರು. ಸೋತರೂ ಪರವಾಗಿಲ್ಲ ಅನ್ನಿಸಿತ್ತು ನನಗೆ.

ಕೊನೆಯ ಎರಡು ದಿನ ಮಾದರಿ ಮತಪತ್ರ ಹಿಡಿದು ವಯಸ್ಸಾದವರ ಮನೆಗಳಿಗೇ ಹೋದೆ. ಮೇಲಿನ ಕೇರಿಯ ಅಜ್ಜಿಯೊಬ್ಬರಿಗೆ ಅತ್ತಿಗೆಯ ಹೆಸರು ನೆನಪಿರಲಿಲ್ಲ. 'ಬಟ್ಟೆ ಹೊಲಿಯೋ ಮಿಷನ್ನು ಅಲ್ವೇನಪ್ಪಾ?' ಅಂದರು. ಜಗಲಿ ಮೇಲೆ ಕೂತು, ಸೀಲು ಎಲ್ಲಿ ಒತ್ತಬೇಕು, ಶಾಯಿ ಇನ್ನೊಂದು ಚಿಹ್ನೆಗೆ ಅಂಟದ ಹಾಗೆ ಹೇಗೆ ಮಡಚಬೇಕು ಅಂತ ತೋರಿಸಿದೆ. ಅಜ್ಜಿ ತಾವೇ ನಾಲ್ಕು ಸಲ ಮಡಚಿ ನೋಡಿದರು. ಅಂಗಡಿ ಮುಂದೆ ಟೀ ಕುದಿಸಿ ರುಚಿ ತೋರಿಸುತ್ತಿದ್ದ ದಿನಗಳು ನೆನಪಾದವು.

ಡಿಸೆಂಬರ್ 30ರ ಎಣಿಕೆಯಲ್ಲಿ ಅತ್ತಿಗೆ ಮೂರನೆಯವರಾಗಿ ಗೆದ್ದರು. ಮಾಲು ಹಾಕಿದ ಅಂಗಡಿಗೆ ಮುಂದಿನ ವಾರ ಹೋಗಿ ವಿಚಾರಿಸುವುದು ನನ್ನ ಅಭ್ಯಾಸ. ಜನವರಿಯಲ್ಲಿ ಅದೇ ಮತದಾರರ ಪಟ್ಟಿ ಹಿಡಿದು ಇಬ್ಬರೂ ಮೇಲಿನ ಕೇರಿಗೆ ಹೋದೆವು. ಅಜ್ಜಿ ಖಾಲಿ ಬಿಂದಿಗೆ ಇಟ್ಟುಕೊಂಡು ಕೂತಿದ್ದರು. 'ನೀರು ಯಾವಾಗ ಬರುತ್ತವ್ವಾ?' ಅಂತ ಅತ್ತಿಗೆಯನ್ನು ಕೇಳಿದರು. ಟ್ಯಾಂಕಿನಿಂದ ಅಜ್ಜಿಯ ಮನೆವರೆಗೆ ಪೈಪು ಎಷ್ಟು ಬೇಕು ಅಂತ ಅವತ್ತೇ ಹಗ್ಗ ಹಿಡಿದು ಅಳೆದೆವು.